ಬೋಣಿಗೆ ಮೊದಲು ಕೂಡುವಂತಿಲ್ಲ

ಬೆಳಿಗ್ಗೆ ಅಂಗಳ ಗುಡಿಸಿದೆ. ಹಾಲು ಕಾಸಿದೆ, ಹದಿನಾಲ್ಕು ರೊಟ್ಟಿ ಬಡಿದೆ, ಇವರ ಪೂಜೆಗೆ ನೀರಿಟ್ಟೆ. ಹಿಂದಿನ ದಿನ ಉಳಿದಿದ್ದ ಮೂರು ಸೀರೆಗಳಿಗೆ ಫಾಲ್ ಕತ್ತರಿಸಿಕೊಂಡೆ, ಹೊಲಿಗೆ ಮಷಿನ್‌ಗೆ ಎಣ್ಣೆ ಬಿಟ್ಟೆ. ಅಷ್ಟರಲ್ಲಿ ಒಂಬತ್ತೂವರೆ.

ತಾಂಡೂರಿನಲ್ಲಿ ನಮ್ಮದೊಂದು ಬಟ್ಟೆ ಅಂಗಡಿ. ಗಲ್ಲಾದಲ್ಲಿ ನನ್ನ ಗಂಡ, ಮೂಲೆಯ ಮಷಿನ್ ಮುಂದೆ ನಾನು, ಸೀರೆ ಬಿಚ್ಚಿ ತೋರಿಸಲು ಒಬ್ಬ ಹುಡುಗಿ. ಯಾಲಾಲ್ ಕಡೆಯ ಕುರಿ ಸಾಕುವವರ ಮಗಳು, ಡಿಗ್ರಿ ಎರಡನೇ ವರ್ಷ. ಬೆಳಿಗ್ಗೆ ನಮ್ಮಲ್ಲಿ ಕೆಲಸ, ಮಧ್ಯಾಹ್ನ ಕಾಲೇಜು.

ಮಾವನವರ ಕಾಲದಿಂದ ಅಂಗಡಿಗೊಂದು ಕಟ್ಟುಪಾಡು ಇದೆ. ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ಆಗುವವರೆಗೆ ಕೆಲಸದವರು ಕೂಡುವಂತಿಲ್ಲ, ಪುಸ್ತಕ ಹಿಡಿಯುವಂತಿಲ್ಲ. ಹಿಡಿದರೆ ಲಕ್ಷ್ಮಿ ಹೊಸ್ತಿಲಿನಿಂದಲೇ ತಿರುಗಿ ಹೋಗುತ್ತಾಳಂತೆ. ಗಲ್ಲಾದಲ್ಲಿ ಕಾಲು ಮಡಚಿ ಪೇಪರ್ ಓದುವವರನ್ನು ಕಂಡರೆ ಮಾತ್ರ ಆಕೆಗೆ ಏನೂ ಅನ್ನಿಸುವುದಿಲ್ಲ.

ಆ ದಿನ ಹುಡುಗಿಗೆ ಎರಡು ಗಂಟೆಗೆ ಪರೀಕ್ಷೆ. ರಜೆ ಕೇಳಿದ್ದಕ್ಕೆ ಇವರು, “ಎರಡಕ್ಕ ಇದ್ರ ಮುಂಜಾನಿ ಮನ್ಯಾಗ ಕೂತು ಏನ್ ಮಾಡ್ತಿ? ಹನ್ನೆರಡರ ತನಕ ಬಂದು ಹೋಗು” ಎಂದಿದ್ದರು. ಬಂದಳು. ನನ್ನ ಹತ್ತಿರ ಸರಿದು ಮೆಲ್ಲಗೆ, “ಕಡೀ ಪಾಠ ಮುಟ್ಟೇ ಇಲ್ರಿ ಅಕ್ಕಾರ. ದೊಡ್ಡ ಪ್ರಶ್ನಿ ಅದರಾಗೇ ಬರ್ತದ. ಒಂದ್ ತಾಸು ಕೂತ್ರ ಸಾಕಿತ್ತು” ಅಂದಳು.

ಹತ್ತಾಯಿತು, ಹತ್ತೂವರೆಯಾಯಿತು. ಒಬ್ಬಾಕೆ ಬಂದು ಹನ್ನೊಂದು ಸೀರೆ ಬಿಚ್ಚಿಸಿ, “ಜಹೀರಾಬಾದಿನ್ಯಾಗ ಇದೇ ಸೀರಿ ಸೋವಿ ಅದ” ಎಂದು ಹೊರಟುಹೋದಳು. ಹುಡುಗಿ ಹನ್ನೊಂದನ್ನೂ ಮಡಚಿಟ್ಟು ಮತ್ತೆ ನಿಂತಳು. ಚಪ್ಪಲಿ ಹೊರಗೆ ಬಿಡುವ ಅಂಗಡಿ, ಚಳಿಗಾಲದ ಕಲ್ಲುಹಾಸು. ಒಂದು ಕಾಲು ಎತ್ತುವಳು, ಇನ್ನೊಂದನ್ನು ಊರುವಳು.

“ರೀ, ಆಕಿದು ಪರೀಕ್ಷಾ ಅದ. ಕೂಡ್ಲಿ ಬಿಡ್ರಿ” ಎಂದೆ.

“ಬೋಣಿ ಆಗ್ಲಿ. ನಾ ಏನ್ ಬ್ಯಾಡ ಅಂದೀನೇನು?” ಪೇಪರಿನ ಹಿಂದಿನಿಂದ ಉತ್ತರ.

ಹನ್ನೊಂದು ಹೊಡೆಯಿತು. ಹುಡುಗಿ ಕಪಾಟಿನಿಂದ ಒಂದು ಕರವಸ್ತ್ರ ತೆಗೆದು ಇವರ ಮುಂದಿಟ್ಟಳು.

“ಸಾವ್ಕಾರ್ರೆ, ಇದಕ್ಕೆಷ್ಟ್ರಿ?”

“ಇಪ್ಪತ್ತು.”

ಅವಳು ಇಪ್ಪತ್ತರ ನೋಟು ಚಾಚಿದಳು. ಇವರು ಪೇಪರಿನ ಗುಂಗಿನಲ್ಲೇ, ಮೂವತ್ತು ವರ್ಷದ ಅಭ್ಯಾಸದಂತೆ ನೋಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಗಲ್ಲಾಕ್ಕೆ ಹಾಕಿದರು.

“ಬೋಣಿ ಆತಲ್ರಿ?” ಎಂದವಳೇ ಗಿರಾಕಿಗಳು ಕೂಡುವ ಗಾದಿಯ ಮೇಲೆ ಕೂತು ಪುಸ್ತಕ ತೆರೆದಳು.

ಇವರು ನೋಟಿಗಾಗಿ ಗಲ್ಲಾದತ್ತ ಕೈ ಚಾಚಿ ಹಿಂದೆಳೆದುಕೊಂಡರು. ಬೋಣಿಯ ಹಣ ತಿರುಗಿ ಕೊಡುವುದು ಕೆಲಸದವರು ಕೂಡುವುದಕ್ಕಿಂತ ದೊಡ್ಡ ಅಪಶಕುನ. ನನಗೆ ನಗು ತಡೆಯದೆ ಮಷಿನ್‌ನ ದಾರ ಹರಿಯಿತು.

“ಗಿರಾಕಿಗಿ ಚಾ ತರಸ್ರಿ” ಎಂದೆ.

“ನೀ ಸುಮ್ಕಿರು” ಎಂದರು. ಆದರೂ ಚಹಾ ತರಿಸಿದರು, ಮೂರು ಕಪ್ಪು.

ದಾರ ಪೋಣಿಸುವಾಗ ನನ್ನ ನಗು ಇಳಿಯಿತು. ಕೂಡುವುದಕ್ಕೆ ಆ ಹುಡುಗಿ ಇಪ್ಪತ್ತು ರೂಪಾಯಿ ಕೊಟ್ಟಿದ್ದಳು. ಇಷ್ಟು ವರ್ಷ ಕೂತೇ ಹೊಲಿದ ನಾನು ನಿಂತವರ ಕಾಲು ನೋಡಿರಲಿಲ್ಲ. ಅವಳು ಓದುತ್ತಿದ್ದಾಗಲೇ ಇಬ್ಬರು ಗಿರಾಕಿಗಳು ಬಂದರು. ಎದ್ದು ಸೀರೆ ತೋರಿಸಿದಳು, ಮತ್ತೆ ಕೂತಳು. ಯಾರೂ ಹೊಸ್ತಿಲಿನಿಂದ ತಿರುಗಿ ಹೋಗಲಿಲ್ಲ. ಹನ್ನೆರಡಕ್ಕೆ ಹೊರಟಾಗ ಎರಡು ರೊಟ್ಟಿ ಕಟ್ಟಿಕೊಟ್ಟೆ.

ಸಂಜೆ ಇವರು ಹಿಂದಿನ ಕೋಣೆಯಿಂದ ಒಂದು ಸ್ಟೂಲು ತಂದು, ಧೂಳು ಒರೆಸಿ, ಸೀರೆ ಕಪಾಟಿನ ಪಕ್ಕ ಇಟ್ಟರು.

“ಇದು ಯಾರಿಗ್ರಿ? ಲಕ್ಷ್ಮಿಗಾ?”

“ಹಂಗೇ ತಿಳ್ಕೊ” ಎಂದರು. ಸ್ಟೂಲಿನ ಕಾಲು ಅಲುಗಾಡಿಸಿ ನೋಡುತ್ತ, “ಆಕಿ ಸಿಟ್ಟಾಗಿಲ್ಲಲ್ಲ? ಕೆಲಸ ಬಿಡ್ತಾಳೇನ?”

ಅಷ್ಟರಲ್ಲಿ ಅವಳದೇ ಫೋನು. ದೊಡ್ಡ ಪ್ರಶ್ನೆ ಆ ಪಾಠದಿಂದಲೇ ಬಂದಿತ್ತಂತೆ. “ನಾಳೀನೂ ಪರೀಕ್ಷಾ ಅದ ರಿ ಅಕ್ಕಾರ. ರಜಾ ಕೇಳ್ರಿ.” ನಾನು ಫೋನು ಇವರ ಕಿವಿಗೇ ಹಿಡಿದೆ. ಇವರು ಗಂಟಲು ಸರಿಮಾಡಿಕೊಂಡು, “ಮನ್ಯಾಗ ಕೂತು ಓದು, ತಂಗಿ. ಪರೀಕ್ಷಾ ಮುಗಿಯೋ ತನಕ ಬರಬ್ಯಾಡ. ಪಗಾರ ಕಡಿಮಿ ಮಾಡಂಗಿಲ್ಲ” ಎಂದರು.

“ಹಂಗಾದ್ರ ನಾಳಿ ಸೀರಿ ಬಿಚ್ಚೋರು ಯಾರ್ರಿ?” ಎಂದು ನಾನು ಕೇಳಿದೆ.

“ನಾನೇ. ನನಗ ಬರಲ್ಲೇನು?”

ರಾತ್ರಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಇವರು ಎರಡೇ ರೊಟ್ಟಿ ತಿಂದು, ನಾಳೆ ನಿಲ್ಲುವ ಕೆಲಸವಿದೆ ಎಂದು ಎಂಟೂವರೆಗೇ ಮಲಗಿದರು. ಪಾತ್ರೆ ತೊಳೆದು ಬರುವಷ್ಟರಲ್ಲಿ ಗೊರಕೆ ಶುರುವಾಗಿತ್ತು.