ಯಾವ ಗುಂಡು?

ಪರ್ತ್‌ನ ಸ್ವಾನ್ ವ್ಯಾಲಿಯಲ್ಲಿ ಬಾಡಿಗೆಗಿದ್ದಾಗ, ಓನರ್ ಅಂಕಲ್ ಹಿತ್ತಲ ಶೆಡ್‌ನಲ್ಲಿ ಗುಂಡು ಮಾಡ್ತಾರೆ ಅಂತ ನನ್ನ ಗಂಡ ಹೇಳಿದ್ದರು. ಸುತ್ತಲೂ ದ್ರಾಕ್ಷಿ ತೋಟ, ಮನೆಯಲ್ಲೇ ವೈನ್ ಮಾಡುತ್ತಾರೆ ಅಂದುಕೊಂಡೆ. ಮಗಳು ಅಲ್ಲಿ ಆಡಲು ಹೋದರೂ ಸುಮ್ಮನಿರುತ್ತಿದ್ದೆ.

ಒಂದು ದಿನ ಅವಳು ಕೈಯೆಲ್ಲ ಬೂದುಬಣ್ಣ ಮಾಡಿಕೊಂಡು ಓಡಿಬಂದಳು. "ಲುಕ್ ಅಮ್ಮ, ಫ್ಲವರ್!" ಅಂಗೈಯಲ್ಲಿ ದಳ ಬಿಚ್ಚಿದ ತಾಮ್ರದ ಹೂವು, ನಡುವೆ ಸೀಸ. ಇನ್ನೊಂದು ಕೈಯ ಬೆರಳು ಬಾಯಲ್ಲಿ!

ಅವಳನ್ನು ಎಳೆದುಕೊಂಡೇ ಶೆಡ್‌ಗೆ ಹೋದೆ. ಅಂಕಲ್ ಹೆಮ್ಮೆಯಿಂದ ಗುಂಡು ಒತ್ತುವ ಪ್ರೆಸ್ ತೋರಿಸಿದರು. ತಾಮ್ರದ ಕವಚದೊಳಗೆ ಸೀಸ ಒತ್ತಿ, ರೈಫಲ್ ಗುಂಡಿನ ಮೂತಿಯಲ್ಲಿ ತೂತು ಬಿಡುತ್ತಾರಂತೆ.

"ಇವಳ ಕೈಲಿರೋದು ನಾನು ಹೊಡೆದು ನೋಡಿದ ಗುಂಡು. ತಗುಲಿದ ತಕ್ಷಣ ಹೀಗೆ ಅರಳುತ್ತೆ, ತೋಟಕ್ಕೆ ನುಗ್ಗೋ ನರಿ ಒದ್ದಾಡದೆ ಸಾಯುತ್ತೆ. ಡಿಸೈನ್ ನನ್ನದೇ, ಡಾರ್ಲಿಂಗ್!"

"ನರಿ ಕಥೆ ಆಯ್ತು ಅಂಕಲ್, ನನ್ನ ಮಗು? ಸೀಸ ವಿಷ ಅಲ್ವಾ?"

"ಕೈ ತೊಳ್ಕೋ ಅಂತ ಹೇಳ್ತಾನೇ ಇರ್ತೀನಲ್ಲ."

ಮಗಳ ಕೈಬಾಯಿ ತೊಳೆದು ರಕ್ತ ಪರೀಕ್ಷೆ ಮಾಡಿಸಿದೆ. ಸದ್ಯ, ಏನೂ ಆಗಿರಲಿಲ್ಲ. ಗಂಡ ಮಾತ್ರ, "ಗುಂಡು ಅಂತ ನಾನು ಮೊದಲೇ ಹೇಳಿದ್ನಲ್ಲೇ!" ಅಂದರು.

ಆ ಶನಿವಾರ ಅವರೇ, "ಸ್ವಲ್ಪ ಗುಂಡು ಹಾಕ್ಲಾ?" ಅಂದರು.

"ಯಾವ ಗುಂಡು ಅಂತ ಬಿಡಿಸಿ ಹೇಳಿ," ಅಂದೆ. "ನಿಮಗೆ ಬೇಕಾಗಿರೋದು ಫ್ರಿಡ್ಜ್‌ನಲ್ಲಿದೆ. ನನಗೆ ಬೇಕಾಗಿರೋದು ಶೆಡ್‌ನಲ್ಲಿದೆ."