ಹೆಣ್ಣು ದಿವಾನದ ಕೆಳಗಿದೆ

ಕಳೆದ ಭಾನುವಾರ ನಮ್ಮ ಮನೆಗೆ ಹೆಣ್ಣು ನೋಡಲು ಬಂದಿದ್ದರು. ಹೆಣ್ಣು ದಿವಾನದ ಕೆಳಗಿತ್ತು.

(ಗಾಬರಿಯಾಗಬೇಡಿ. ನಾನು ಹೇಳುತ್ತಿರುವುದು ನಾಯಿಯ ವಿಷಯ.)

ನಮ್ಮ ಪಕ್ಕದ ಬೀದಿಯ ಶಿಲ್ಪಾಗೆ ಬೀದಿನಾಯಿಗಳನ್ನು ಕಾಪಾಡುವ ಹುಚ್ಚು. ತಿಂಗಳ ಹಿಂದೆ ಒಂದು ಕಂದು ನಾಯಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಳು. ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆಗಳ ಸಂದಿಯಲ್ಲಿ ಸಿಕ್ಕಿತಂತೆ. ಯಾರೋ ಚೆನ್ನಾಗಿ ಹೊಡೆದಿದ್ದರು. ಕೈ ಎತ್ತಿದರೆ ಸಾಕು, ನೆಲಕ್ಕೆ ಅಂಟಿಕೊಳ್ಳುತ್ತಿತ್ತು.

"ಆಂಟಿ, ಒಳ್ಳೆ ಮನೆ ಸಿಗೋವರೆಗೂ ಇಟ್ಕೊಳ್ಳಿ. ನಾಯಿ ಅಂದ್ರೆ ಪ್ರಾಣ ಅಂತ ನೀವೇ ಬರ್ದಿದ್ರಲ್ಲ" ಎಂದಳು.

ಅಂಕಣದಲ್ಲಿ ಬರೆದದ್ದನ್ನು ಜನ ನಿಜವೆಂದು ನಂಬುತ್ತಾರೆ ಎಂಬುದು ನನಗೆ ಗೊತ್ತಾದದ್ದು ಆವತ್ತೇ. ನಾವಿರುವುದು ಬಾಡಿಗೆ ಮನೆ. ಒಂದೇ ತಿಂಗಳು ಎಂದು ಓನರ್ ಕೈಕಾಲು ಹಿಡಿದು ಒಪ್ಪಿಸಿದೆ. ನಮ್ಮ ಅತ್ತೆ ಮಾತ್ರ ಬಾಗಿಲಲ್ಲೇ ತೀರ್ಪು ಕೊಟ್ಟರು. "ಇಟ್ಕೋ. ನನ್ನ ಮಡಿಗೆ ಬರಬಾರ್ದು ಅಷ್ಟೇ."

ಬೆಳಿಗ್ಗೆ ಸ್ನಾನ ಮುಗಿದು ಪೂಜೆ, ಅಡುಗೆ ಎಲ್ಲ ಆಗುವವರೆಗೆ ಅತ್ತೆಯನ್ನು ಯಾರೂ ಮುಟ್ಟುವಂತಿಲ್ಲ. ಸೊಸೆಗೇ ಇಲ್ಲದ ರಿಯಾಯಿತಿ ನಾಯಿಗೆಲ್ಲಿಂದ?

ನಾನು ಪ್ರೀತಿ ಶುರು ಮಾಡಿದೆ. ಬ್ರೌನಿ ಎಂದು ಹೆಸರಿಟ್ಟೆ. ಗಾಂಧಿ ಬಜಾರಿನ ಸೈಬರ್ ಕೆಫೆಗೆ ಹೋಗಿ, ಹೆದರಿದ ನಾಯಿಯನ್ನು ಒಲಿಸಿಕೊಳ್ಳುವ ಬಗ್ಗೆ ಪ್ರಿಂಟ್‌ಔಟ್ ತೆಗೆಸಿಕೊಂಡು ಬಂದೆ. ನೆಲದ ಮೇಲೆ ಬೋರಲು ಮಲಗಿ, ದಿವಾನದ ಕೆಳಗೆ ತಲೆ ತೂರಿಸಿ, ಬಿಸ್ಕತ್ತು ಚಾಚಿ "ಬಾ ಚಿನ್ನಾ, ಬಾ ಕಂದಾ" ಎಂದೆ. ಮಧ್ಯವಯಸ್ಸಿನ ಹೆಂಗಸು ಸೀರೆಯಲ್ಲಿ ಈ ಭಂಗಿಯಲ್ಲಿರುವಾಗಲೇ ಹಾಲಿನವನು ಬರಬೇಕೆ? (ಈಗ ಅವನು ಹಾಲನ್ನು ಗೇಟಿನಲ್ಲೇ ಇಟ್ಟು ಹೋಗುತ್ತಾನೆ.) ಬ್ರೌನಿ ಗೋಡೆಗೆ ಇನ್ನಷ್ಟು ಒತ್ತಿಕೊಂಡಿತು. ಬಿಸ್ಕತ್ತನ್ನು ಇರುವೆಗಳು ತಿಂದವು.

ಅತ್ತ ನಡೆಯುತ್ತಿದ್ದದ್ದೇ ಬೇರೆ. ಅತ್ತೆ ಮಡಿಯುಟ್ಟು ತುಳಸಿಕಟ್ಟೆಯ ಕಡೆಗೆ ಹೊರಟರೆ ಬ್ರೌನಿ ತಾನಾಗಿ ಹೊರಗೆ ಬರುತ್ತಿತ್ತು. "ದೂರ, ದೂರ" ಎನ್ನುತ್ತಿದ್ದರು ಅತ್ತೆ, ತಿರುಗಿಯೂ ನೋಡದೆ. ಅದು ನಿಲ್ಲುತ್ತಿತ್ತು. ಅವರು ನಡೆದರೆ ಹಿಂದೆಯೇ ನಡೆಯುತ್ತಿತ್ತು. ಅವರು ಕಾಯಿ ತುರಿಯುವಷ್ಟು ಹೊತ್ತೂ ಅಡುಗೆಮನೆ ಹೊಸಿಲಿನಾಚೆ ಕೂತು ನೋಡುತ್ತಿತ್ತು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಬಿಸ್ಕತ್ತು ನನ್ನದು, ಬಾಲ ಆಡುತ್ತಿದ್ದದ್ದು ಅವರಿಗೆ.

ಮೊದಲು ನೋಡಲು ಬಂದವರು "ಬೊಗಳತ್ತಾ?" ಎಂದು ಕೇಳಿದರು. ಇಲ್ಲ ಎಂದೆ. "ಮನೆ ಕಾಯತ್ತಾ?" ದಿವಾನ ಕಾಯುತ್ತದೆ ಎಂದೆ. "ಯೋಚನೆ ಮಾಡಿ ಫೋನ್ ಮಾಡ್ತೀವಿ" ಎಂದು ಹೊರಟರು. ಹೆಣ್ಣು ನೋಡಿ ಹೋದವರು ಹೀಗೆಂದರೆ ಏನರ್ಥವೆಂದು ಬಸವನಗುಡಿಯಲ್ಲಿ ಯಾರಿಗೆ ಗೊತ್ತಿಲ್ಲ?

"ಭಾನುವಾರ ಬರೋರೂ ಬೇಡ ಅಂದ್ರೆ ಶೆಲ್ಟರಿಗೇ ಬಿಡ್ಬೇಕು ಆಂಟಿ. ಅಷ್ಟೊಂದು ನಾಯಿ ಮಧ್ಯೆ ಇದು ಊಟಾನೂ ಮಾಡಲ್ಲ" ಎಂದಳು ಶಿಲ್ಪಾ. ಓನರ್ ಕೊಟ್ಟ ತಿಂಗಳೂ ಮುಗಿಯುತ್ತಿತ್ತು. ನನಗೆ ನಿದ್ದೆ ಬರಲಿಲ್ಲ.

ಭಾನುವಾರ ಅತ್ತೆ ಉಪ್ಪಿಟ್ಟು, ಕೇಸರಿಬಾತ್ ಎರಡೂ ಮಾಡಿದರು. "ನೋಡೋಕೆ ಬರ್ತಾರೆ ಅಂದ್ಮೇಲೆ ಬರೀ ಕಾಫಿ ಕೊಟ್ಟು ಕಳ್ಸೋದಾ?"

ಮಲ್ಲೇಶ್ವರದಿಂದ ಎಳೆಯ ದಂಪತಿ ಬಂದರು. ಜೊತೆಗೆ ಹುಡುಗನ ತಾಯಿ. ಆಕೆ ಕುರ್ಚಿಯ ತುದಿಯಲ್ಲಿ ಕೂತು ಮೊದಲೇ ಹೇಳಿಬಿಟ್ಟರು. "ನಂಗೆ ನಾಯಿ ಆಗಲ್ಲ. ಮಡಿ ಮಾಡೋಳು ನಾನು. ಇದೆಲ್ಲ ಇವರಿಬ್ಬರ ಹುಚ್ಚು."

ಈ ಸಂಬಂಧವೂ ಕೈಬಿಟ್ಟಿತು ಎಂದುಕೊಂಡೆ.

ದಂಪತಿ ನೇರ ನೆಲಕ್ಕೆ ಬಿದ್ದು "ಹಾಯ್ ಬೇಬಿ" ಎಂದರು. ಸಹಾಯಕ್ಕೆಂದು ನಾನೂ ಬಿದ್ದೆ. ಮೂರು ತಲೆಗಳು ದಿವಾನದ ಕೆಳಗೆ. ಬ್ರೌನಿ ನಡುಗುತ್ತಾ ಅಲ್ಲೇ ಒಂದಕ್ಕೆ ಮಾಡಿಕೊಂಡಿತು. ಹುಡುಗ ಎದ್ದು, ಮೊಣಕಾಲು ಕೊಡವಿಕೊಂಡು, "ಯೋಚನೆ ಮಾಡಿ..." ಎಂದು ರಾಗ ತೆಗೆದ. ನನಗೆ ಅಳುವೇ ಬಂತು.

ಈ ಗದ್ದಲದ ಪರಿವೆಯೇ ಇಲ್ಲದೆ ಹಿರಿಯರಿಬ್ಬರೂ ಸಾರಿನ ಪುಡಿಗೆ ಮೆಂತ್ಯ ಎಷ್ಟು ಹಾಕಬೇಕೆಂದು ಚರ್ಚಿಸುತ್ತಿದ್ದರು. ಅತ್ತೆ ಹೊಸಿಲಿನ ಒಳಗೆ, ಆಕೆ ಹೊರಗೆ. ನಾವು ಮೂವರೂ ಸೋತು ಎದ್ದು ಕೂತು ಕೇಸರಿಬಾತಿಗೆ ಕೈ ಹಾಕಿದೆವು. ನಾಯಿಯ ಕಡೆ ಯಾರೂ ನೋಡುತ್ತಿರಲಿಲ್ಲ.

ಆಗ ಅದು ಹೊರಗೆ ಬಂತು. ನಮ್ಮನ್ನು ದಾಟಿಕೊಂಡು ಹೋಗಿ ಆಕೆಯ ಕುರ್ಚಿಯ ಪಕ್ಕ ಕೂತಿತು. ಆಕೆ ಮೆಂತ್ಯದ ಮಾತು ನಿಲ್ಲಿಸದೆ, ಸೆರಗು ಎಳೆದುಕೊಂಡು, "ದೂರ ಕೂತ್ಕೋ" ಎಂದರು. ಬ್ರೌನಿ ಒಂದು ಮಾರು ಸರಿದು ಕೂತು, ಬಾಲವನ್ನು ನೆಲಕ್ಕೆ ಬಡಿಯತೊಡಗಿತು.

ಹುಡುಗ ಮೆಲ್ಲಗೆ ಹೇಳಿದ. "ನಾವೇ ಕರ್ಕೊಂಡ್ ಹೋಗ್ತೀವಿ ಆಂಟಿ. ಅಮ್ಮನ ಮಡಿ ವಿಷ್ಯ ಕೇಳಿ ನೀವೇ ಕೊಡಲ್ಲ ಅಂತೀರೇನೋ ಅಂದ್ಕೊಂಡಿದ್ದೆ."

"ಇಲ್ಲಪ್ಪ, ಅದನ್ನ ನೋಡಿಯೇ ಕೊಡ್ತಿದೀನಿ" ಎಂದೆ.

ಅವರು ಬ್ರೌನಿಯ ಜೊತೆ ಆಟೋ ಹತ್ತುವಾಗ ಅತ್ತೆ ಗೇಟಿನವರೆಗೂ ಬರಲಿಲ್ಲ. ನನ್ನ ಕೈಲಿ ಒಂದು ಡಬ್ಬಿ ಮೊಸರನ್ನ ಕಳಿಸಿದರು. "ದಾರೀಲಿ ಹಸಿವಾಗತ್ತೆ ಅದಕ್ಕೆ."

ಹೆದರಿದ ಜೀವಕ್ಕೆ ಮುದ್ದಿಗಿಂತ ಮೊದಲು ಸ್ವಲ್ಪ ಜಾಗ ಬೇಕು. ನಾವೇನು ಮಾಡುತ್ತೇವೆ? ನೆಂಟರ ಮಗು ಅಮ್ಮನ ಸೆರಗಿನ ಹಿಂದೆ ನಿಂತರೆ ಕೆನ್ನೆ ಹಿಂಡಿ "ಆಂಟಿಗೆ ಒಂದು ಹಾಡು ಹೇಳು" ಎನ್ನುತ್ತೇವೆ. ಆಮೇಲೆ ಮಗುವಿಗೆ ಸಂಕೋಚ ಜಾಸ್ತಿ ಎಂದು ದೂರುತ್ತೇವೆ. ನಾನಂತೂ ಎಷ್ಟು ಮಕ್ಕಳನ್ನು ದಿವಾನದ ಕೆಳಗೆ ಅಟ್ಟಿದ್ದೇನೋ.

ಮನೆ ಭಣಗುಟ್ಟುತ್ತಿದೆ. ಬೆಳಿಗ್ಗೆ ಅಡುಗೆಮನೆ ಹೊಸಿಲಿನಾಚೆ ಈಗ ಕಾಫಿ ಲೋಟ ಹಿಡಿದು ಕೂರುವವಳು ನಾನು. ಅತ್ತೆ ತಿರುಗಿಯೂ ನೋಡದೆ "ದೂರ" ಎನ್ನುತ್ತಾರೆ.

ನನಗೆ ಬಾಲ ಒಂದಿಲ್ಲ, ಅಷ್ಟೇ.