ಬೀಗದಣ್ಣ ತೆರೆದಿಟ್ಟ ಬಾಗಿಲು

ಆಫೀಸಿನಲ್ಲಿ ಅವನಿಗೆ ಬೀಗದಣ್ಣ ಎಂದೇ ಹೆಸರು. ಎಲ್ಲರೂ ಬರೆದ ಕೋಡನ್ನು ಒಟ್ಟುಗೂಡಿಸಿ ಸಾಫ್ಟ್‌ವೇರ್ ಕಟ್ಟುವ ಬಿಲ್ಡ್ ಸರ್ವರಿಗೆ ಯಾರು ಲಾಗಿನ್ ಆಗಬೇಕು, ಒಳಗೆ ಯಾರು ಏನು ಮುಟ್ಟಬೇಕು ಎಂಬುದೆಲ್ಲ ಹದಿನಾಲ್ಕು ವರ್ಷದಿಂದ ಅವನ ಕೈಯಲ್ಲಿತ್ತು. ಪಾಸ್‌ವರ್ಡ್ ಮರೆತವರು ಅವನ ಮೇಜಿಗೇ ಬರಬೇಕು, ಬೈಗುಳ ತಿಂದೇ ಹೋಗಬೇಕು. "ಮನೆ ಬೀಗದ ಕೈಯಾದ್ರೂ ನೆಟ್ಟಗಿಟ್ಕೊಂಡಿದೀಯೇನಪ್ಪಾ?"

ಒಂದು ಸೋಮವಾರ, ಯಾರಿಗೆ ಏನು ಅಧಿಕಾರ ಎಂಬ ಸರ್ವರಿನ ಹಳೆಯ ಪಟ್ಟಿಗೆ, ಕಂಪನಿ ಎಲ್ಲ ನೌಕರರಿಗೂ ನೇರವಾಗಿ ಕೊಡುವ ಹೊಸ ಲಾಗಿನ್ ಜೋಡಿಸಬೇಕಾಯಿತು. ಜೋಡಿಸಿದ. ಹೊಸ ದಾರಿಯಲ್ಲಿ ಬಂದವರನ್ನು ಸರ್ವರ್ ಒಳಗೇನೋ ಬಿಟ್ಟಿತು, ಆದರೆ ಅವರ ಹಳೆಯ ಅಧಿಕಾರಗಳು ಜೊತೆಗೆ ಬರಲಿಲ್ಲ. ಹತ್ತು ಗಂಟೆಗೆಲ್ಲ ಅರವತ್ತು ಜನ ತಲೆ ತಿನ್ನತೊಡಗಿದರು. ರೋಸಿಹೋಗಿ, ಲಾಗಿನ್ ಆದವರೆಲ್ಲ ಏನು ಬೇಕಾದರೂ ಮಾಡಬಹುದು ಎಂದು ಬದಲಿಸಿಟ್ಟ. ಊಟದ ಹೊತ್ತಿಗೆ ತೆಗೆದರಾಯಿತು ಅಂದುಕೊಂಡ. ಊಟ ಮುಗಿಯಿತು. ಪುಣ್ಯಾತ್ಮನಿಗೆ ಅದು ಮರೆತೇ ಹೋಯಿತು!

ಮರುದಿನ ಟೆಸ್ಟಿಂಗಿಗೆ ಒಬ್ಬ ಹುಡುಗಿ ಹೊಸದಾಗಿ ಸೇರಿದಳು. ವಾರ ಕಳೆದಿರಲಿಲ್ಲ, ಸರ್ವರಿನ ಪರದೆಯಲ್ಲಿ ತನಗೆ ಕಾಣಿಸಲೇಬಾರದಿದ್ದ ಗುಂಡಿಯೊಂದನ್ನು ಪರೀಕ್ಷೆಯದೆಂದುಕೊಂಡು ಒತ್ತಿದಳು. ಅರೆಬರೆ ಕಟ್ಟಿದ ಸಾಫ್ಟ್‌ವೇರ್ ನೇರ ಕಂಪನಿಯ ಗಿರಾಕಿಗಳಾದ ಆಸ್ಪತ್ರೆಗಳಿಗೆ ಹೋಯಿತು. ಹನ್ನೊಂದು ಆಸ್ಪತ್ರೆಗಳಲ್ಲಿ ರೋಗಿಗಳ ಔಷಧಿ ಪಟ್ಟಿ ಮೂರು ಗಂಟೆ ತೆರೆಯಲಿಲ್ಲ.

ಸುದ್ದಿ ಕಿವಿಗೆ ಬಿದ್ದೊಡನೆ ಬೀಗದಣ್ಣನಿಗೆ ಸೋಮವಾರ ತಾನು ಮಾಡಿದ್ದು ನೆನಪಾಯಿತು. ಮ್ಯಾನೇಜರ್ ಬರುವಷ್ಟರಲ್ಲಿ ಎಲ್ಲವನ್ನೂ ಮೊದಲಿನಂತೆ ಬಿಗಿ ಮಾಡಿದ್ದ. ಬದಲಿಸಿದ್ದು ಯಾರು, ಯಾವಾಗ ಎಂದು ಹುಡುಕಬಲ್ಲವನು ಆ ಆಫೀಸಿನಲ್ಲಿ ಅವನೊಬ್ಬನೇ.

"ಅವಳಿಗೆ ಅಷ್ಟು ಅಧಿಕಾರ ಕೊಟ್ಟಿದ್ದು ಯಾರ್ರೀ?"

ಮನೆಯಲ್ಲಿ ಹೆಂಡತಿ ಹಾಸಿಗೆ ಹಿಡಿದಿದ್ದಳು. ಅವಳ ಚಿಕಿತ್ಸೆಯೆಲ್ಲ ಕಂಪನಿಯ ವಿಮೆಯಲ್ಲೇ. ಈ ಕೆಲಸ ಹೋದರೆ ಅದೂ ಹೋದಂತೆ.

"ಅವಳೇ ಬಂದು ಕೇಳಿದ್ಲು ಸಾರ್. ಮೇಲಿನವರು ಒಪ್ಪಿದಾರೆ ಅಂದ್ಲು. ನಂಬಿಬಿಟ್ಟೆ."

ಅಷ್ಟು ಕಟ್ಟುನಿಟ್ಟಿನ ಮನುಷ್ಯ ಸುಳ್ಳಾಡಿಯಾನೇ? ಯಾರೂ ಎರಡನೇ ಮಾತು ಕೇಳಲಿಲ್ಲ.

ಸಂಜೆ, ಕೆಲಸ ಕಳೆದುಕೊಂಡ ಹುಡುಗಿ ಚೀಲ ಹೆಗಲಿಗೇರಿಸಿಕೊಂಡು, ಅವನ ಮೇಜು ಯಾವುದೆಂದು ಇಬ್ಬರನ್ನು ಕೇಳಿಕೊಂಡು ಬಂದಳು.

"ಅಣ್ಣಾ, ಬೀಗದಣ್ಣ ಅಂದ್ರೆ ನೀವೇನಾ?"

ತಲೆಯಾಡಿಸಿದ.

"ನಾನು ಹೊಸ ಲಾಗಿನ್ನಲ್ಲೇ ಒಳಗ್ ಬಂದವಳು. ನಿಮ್ಮ ಹತ್ರ ಬರೋ ಕೆಲಸಾನೇ ಬಿದ್ದಿರ್ಲಿಲ್ಲ. ನಿಮ್ಮ ಮುಖ ನೋಡ್ತಿರೋದೇ ಇವತ್ತು. ಮತ್ತೆ ನಾನು ಯಾವಾಗಣ್ಣಾ ನಿಮ್ಮನ್ನ ಕೇಳಿದ್ದು?"

ಬಂದವರಿಗೆಲ್ಲ ಬೈಗುಳ ಸಿದ್ಧವಿಟ್ಟುಕೊಂಡಿದ್ದವನು ಕಂಪ್ಯೂಟರಿನತ್ತ ಮುಖ ತಿರುಗಿಸಿದ. ನಾಚಿಕೆಯಿಂದ ಸಾಯುವಂತಾಯಿತು. ಆದರೂ ನಿಜ ಒಪ್ಪಿಕೊಳ್ಳಲಿಲ್ಲ. ಅವಳು ಹೊರಟುಹೋದಳು.

ಅವಳ ಲಾಗಿನ್ ತೆಗೆದುಹಾಕಿ ಎಂದು ಅಷ್ಟರಲ್ಲೇ ಮೇಲಿನಿಂದ ಮೇಲ್ ಬಂದಿತ್ತು. ಅದೂ ಅವನದೇ ಕೆಲಸ. ಅವಳು ಲಿಫ್ಟಿನವರೆಗೆ ಹೋಗುವುದನ್ನು ನೋಡುತ್ತಾ ಕೂತಿದ್ದು, ಆಮೇಲೆ ತೆಗೆದ.